ಅವ್ವೆಯ ಸವತಿ ನೀರು ಹೊತ್ತ ಕಾಲ

ಅವ್ವೆಗೆ ಸವತಿ ಬಂದದ್ದು ಹಾಡುಹಗಲಲ್ಲಿ, ಇಡೀ ಹಟ್ಟಿ ನೋಡುತ್ತಿರುವಾಗ, ಅಪ್ಪನ ಹಿಂದೆಯೇ ತಲೆ ತಗ್ಗಿಸಿಕೊಂಡು, ನಾಲ್ಕು ಕಾಲಿನಲ್ಲಿ. ಒದ್ದೆ ಬೂದಿಯ ಬಣ್ಣ, ಅಳತೆ ಮೀರಿದ ಕಿವಿ, ತೊಡೆಯ ಮೇಲೆ ಸರಕಾರ ಕಾಯಿಸಿ ಒತ್ತಿದ ಮುದ್ರೆ. ಅದೊಂದು ಹೇಸರಗತ್ತೆ. ಕೂನೂರಿನ ದಂಡಿನಿಂದ ವಯಸ್ಸಾಯಿತೆಂದು ಹೊರಹಾಕಿದ ಅದನ್ನು ಯಾರೋ ವ್ಯಾಪಾರಿ ಕೊಂಡಿದ್ದ. ಅಪ್ಪ ಅವನಿಗೆ ಹಾಲು ಕೊಡುವ ಎಮ್ಮೆಗಳಲ್ಲಿ ಒಂದನ್ನು ಕೊಟ್ಟು ಇದನ್ನು ಹಿಡಿದುಕೊಂಡು ಬಂದಿದ್ದ. ಎಮ್ಮೆ ಕೊಟ್ಟು ಹೇಸರಗತ್ತೆ ತಂದವರು ನೀಲಗಿರಿಯ ಚರಿತ್ರೆಯಲ್ಲಿ ಅದಕ್ಕೆ ಮೊದಲು ಇರಲಿಲ್ಲ, ಆಮೇಲೂ ಹುಟ್ಟಿದ್ದು ನಾನು ಕೇಳಿಲ್ಲ. ಆ ಎಮ್ಮೆ ಅವ್ವೆಯ ಜೊತೆ ಅವಳ ತವರಿನಿಂದ ಬಂದದ್ದು ಎಂಬುದನ್ನೂ ಸೇರಿಸಿಕೊಂಡರೆ, ಆ ಮಧ್ಯಾಹ್ನ ನಮ್ಮ ಅಂಗಳದಲ್ಲಿ ಏನೇನು ನಡೆದಿರಬಹುದೆಂದು ಓದುಗರು ಊಹಿಸಿಕೊಳ್ಳಬಹುದು. ಏನೂ ನಡೆಯಲಿಲ್ಲ. ಅವ್ವೆ ಬಾಗಿಲಲ್ಲಿ ನಿಂತು ಅದನ್ನು ಕಿವಿಯಿಂದ ಗೊರಸಿನವರೆಗೆ ನೋಡಿದಳು, ಅದು ಹೆಣ್ಣೇ ಎಂಬುದನ್ನು ಖಚಿತಪಡಿಸಿಕೊಂಡಳು, ಒಳಗೆ ಹೋಗಿ ಹಿಟ್ಟು ತೊಳಸಿದಳು. ಆ ದಿನದ ಹಿಟ್ಟಿನಲ್ಲಿ ಗಂಟುಗಳಿದ್ದವು.

ಹಟ್ಟಿಯೆಂದರೆ ನಮ್ಮ ಬಡಗರ ಊರು. ಗುಡ್ಡದ ಮೈಮೇಲೆ ಒಂದೇ ಸಾಲಿನಲ್ಲಿ, ಒಂದರ ಗೋಡೆಗೆ ಇನ್ನೊಂದು ಒರಗಿಕೊಂಡು ನಿಂತ ಮನೆಗಳು; ಒಬ್ಬರ ಮನೆಯಲ್ಲಿ ಸೀನಿದರೆ ಮೂರನೆಯ ಮನೆಯ ಮುದುಕಿ ಹರಸುತ್ತಿದ್ದಳು. ನಮ್ಮದು ಸಾಲಿನ ನಡುವಿನ ಮನೆ. ಬಗ್ಗಿ ಹೋಗಬೇಕಾದ ಬಾಗಿಲು, ದಾಟಿದರೆ ಹೊರಮನೆ, ಅದರಾಚೆ ಒಲೆ ಉರಿಯುವ ಒಳಮನೆ, ಅದಕ್ಕೆ ಅಂಟಿದಂತೆ ಹಾಲಿನ ಕೋಣೆ. ಹಾಲು, ಮೊಸರು, ಕಡೆಗೋಲು ಎಲ್ಲವೂ ಆ ಕೋಣೆಯಲ್ಲಿ. ಹೆಂಗಸರು ಅದರ ಹೊಸ್ತಿಲು ತುಳಿಯುವಂತಿಲ್ಲ, ಎಮ್ಮೆಯ ಕೆಚ್ಚಲಿಗೆ ಕೈ ಹಾಕುವಂತಿಲ್ಲ. ನಾನು ಹುಟ್ಟಿ ಬೆಳೆದ ಮನೆಯಾದರೂ ಆ ಕೋಣೆಯನ್ನು ವೈಕುಂಠದಂತೆ ಬರೀ ಕೇಳಿ ಬಲ್ಲೆ. ಹಾಲು ಕರೆಯುವುದು ಮನೆಯ ಗಂಡಸಿನ ಕೆಲಸ, ಗಂಡಸು ಮನೆಯೊಳಗೆ ಬರಬೇಕಾದ ಬಲವಾದ ಕಾರಣವೂ ಅದೇ. ನಮ್ಮ ಮನೆಯ ಗಂಡಸು ಮಾತ್ರ ಒಳಗೆ ಬರುತ್ತಿರಲಿಲ್ಲ. ಅಪ್ಪನ ಅಣ್ಣ, ಅಂದರೆ ನನ್ನ ದೊಡ್ಡಪ್ಪ, ಆಚೆ ಮನೆಯಿಂದ ಬಂದು ಹಾಲು ಕರೆದಿಟ್ಟು, ನಮಗೆಲ್ಲ ಉಪಕಾರ ಮಾಡಿದವನ ಮುಖ ಹೊತ್ತು ಹೋಗುತ್ತಿದ್ದ.

ಅಪ್ಪ, ಹಟ್ಟಿಯವರ ಬಾಯಲ್ಲಿ ಬೆಳ್ಳ, ಮೊದಲ ಮಹಾಯುದ್ಧದ ಕಾಲಕ್ಕೆ ಸರಕಾರದ ಪಟಾಳಕ್ಕೆ ಸೇರಿ ಸಮುದ್ರದಾಚೆ ಬಸರಾದ ಕಡೆಗೆ ಹೋದಾಗ ನಾನು ಸೊಂಟದ ಮೇಲಿನ ಕೂಸು. ಅಲ್ಲಿ ಅವನ ಕೆಲಸ ಬಂದೂಕು ಹಿಡಿಯುವುದಲ್ಲ, ಮದ್ದುಗುಂಡು ಹೊತ್ತ ಹೇಸರಗತ್ತೆಗಳನ್ನು ನಡೆಸುವುದು. ಯುದ್ಧ ಮುಗಿದು ಅವನು ಹಟ್ಟಿಗೆ ಬಂದಾಗ ತಮಟೆ ಬಾರಿಸಿ ಎದುರುಗೊಂಡರು. ತಮಟೆ ಬಾರಿಸಿದ್ದೇ ತಪ್ಪಾಯಿತು. ಅಪ್ಪ ದಾರಿ ಬದಿಯ ಆಲೂಗಡ್ಡೆ ಸಾಲುಗಳ ನಡುವೆ ಬೋರಲು ಬಿದ್ದು ತಲೆ ಮುಚ್ಚಿಕೊಂಡ. ಹಟ್ಟಿ ನಕ್ಕಿತು. ಅರವಂಕಾಡಿನ ಮದ್ದಿನ ಕಾರ್ಖಾನೆಯಲ್ಲಿ ಆಗಾಗ ಏನನ್ನೋ ಸಿಡಿಸಿ ನೋಡುತ್ತಿದ್ದರು, ಆ ಸದ್ದು ಗುಡ್ಡ ದಾಟಿ ನಮಗೂ ಕೇಳುತ್ತಿತ್ತು. ಆಗಲೂ ಅಪ್ಪ ಹಾಗೇ ಬಿದ್ದ. ಆಮೇಲೆ ಹಟ್ಟಿ ನಗಲಿಲ್ಲ. ಬಾಗಿಲು ತಗ್ಗು, ಒಳಗೆ ಕತ್ತಲು ಎಂದು ಅವನು ಮನೆಯೊಳಗೆ ಕಾಲಿಡಲಿಲ್ಲ. ಕಲ್ಲುಗೋಡೆಗೆ ಬೆನ್ನು ಕೊಟ್ಟು ಅಂಗಳದಲ್ಲಿ ಕೂರುವುದು, ನಿಂತೇ ಊಟ ಮಾಡುವುದು, ಕೊಟ್ಟಿಗೆಯಲ್ಲಿ ಮಲಗುವುದು. ಈಗಿನವರು ಇದಕ್ಕೆ ಮನಸ್ಸಿನ ಕಾಯಿಲೆಯ ದೊಡ್ಡ ದೊಡ್ಡ ಹೆಸರು ಹೇಳುತ್ತಾರೆ. ನನ್ನ ಅಜ್ಜಿ, ನಮ್ಮ ಮಾತಿನಲ್ಲಿ ಹೆತ್ತೆ, ಕೇಳಿದವರಿಗೆಲ್ಲ ಒಂದೇ ಹೆಸರು ಹೇಳುತ್ತಿದ್ದಳು.

"ಎನ್ನ ಮಗ ಬೆಳ್ಳಗ ಏನೂ ಆಗಿಲ್ಲೆ. ಕೊಂಚ ಹೊರಗೆ ಇದ್ದಾನೆ, ಅಷ್ಟೆ."

ಚಿಕಿತ್ಸೆ ಮಾಡಿಸಲಿಲ್ಲ ಎಂದು ಯಾರೂ ನಮ್ಮನ್ನು ದೂರುವಂತಿಲ್ಲ. ಕೂನೂರಿನ ಡಾಕ್ಟರೊಬ್ಬರು ಅಪ್ಪನ ಎದೆ ತಟ್ಟಿ, ನಾಲಗೆ ಚಾಚಿಸಿ ನೋಡಿ, ಮೈಯಲ್ಲಿ ಯಾವ ದೋಷವೂ ಇಲ್ಲವೆಂದು ಅಭಿನಂದಿಸಿ ಕಳಿಸಿದರು. ಕೆಳಗಿನ ಕಾಡಿನಿಂದ ಮಂತ್ರ ಬಲ್ಲ ಕುರುಂಬನೊಬ್ಬನನ್ನು ದೊಡ್ಡಪ್ಪ ಕರೆತಂದ. ಆ ಮುದುಕ ಅಪ್ಪನ ಎದುರು ಕುಕ್ಕರಗಾಲಿನಲ್ಲಿ ಕೂತು ಬಹಳ ಹೊತ್ತು ನೋಡಿದ. ಅಪ್ಪನೂ ಅವನನ್ನು ನೋಡಿದ. ಕೊನೆಗೆ ಮುದುಕ ಎದ್ದು, ತನಗೆ ಕೊಟ್ಟ ಅಕ್ಕಿಯನ್ನು ವಾಪಸು ಹೆತ್ತೆಯ ಮೊರಕ್ಕೆ ಸುರಿದ.

"ಇವನ ಹಿಡಿದದ್ದು ಎಂಗಳ ಕಾಡಿನದು ಅಲ್ಲ, ಅಮ್ಮ. ಅದರ ಭಾಷೆ ಎನಗ ಬಾರದು."

ನನ್ನ ಜೀವಮಾನದಲ್ಲಿ ನಾನು ಕಂಡ ವೈದ್ಯರಲ್ಲಿ ಇಷ್ಟು ಪ್ರಾಮಾಣಿಕವಾಗಿ ಮಾತಾಡಿದವರು ಇನ್ನೊಬ್ಬರಿಲ್ಲ.

ಹೇಸರಗತ್ತೆಗೆ ಮಾತ್ರ ಆ ಭಾಷೆ ಬರುತ್ತಿತ್ತು. ಅಪ್ಪ ಅದಕ್ಕೆ ರಾಣಿ ಎಂದು ಹೆಸರಿಟ್ಟ. ಅವ್ವೆಯ ಹೆಸರು ಮಾದಿ. ಅವಳನ್ನು ಅವನು ಮಾದಿ ಎಂದೂ ಕರೆಯುತ್ತಿರಲಿಲ್ಲ, ಏನೆಂದೂ ಕರೆಯುತ್ತಿರಲಿಲ್ಲ. ರಾಣಿಯ ಜೊತೆಗೆ ಬೆಳಗಿನಿಂದ ಪಟಾಳದ ಹಿಂದೂಸ್ತಾನಿಯಲ್ಲಿ ಮಾತು. ಅದು ಬೆಚ್ಚಿದರೆ ಕತ್ತು ನೇವರಿಸಿ "ಖಡೀ ರಹೋ, ರಾಣಿ, ಕುಛ್ ನಹೀ, ಕುಛ್ ನಹೀ" ಎನ್ನುತ್ತಿದ್ದ. ನಿಂತುಕೋ, ಏನೂ ಇಲ್ಲ ಎಂದು ಅದರ ಅರ್ಥವಂತೆ. ಗಟ್ಟಿ ಬ್ರಷ್ಷು ಹಿಡಿದು ಅದರ ಮೈ ಉಜ್ಜುತ್ತಿದ್ದ. ಮಂಜು ಬೀಳುವ ದಿನಗಳಲ್ಲಿ ಅದಕ್ಕೆ ಕುಡಿಯಲು ನೀರು ಬೆಚ್ಚಗೆ ಮಾಡುತ್ತಿದ್ದ. ನನ್ನ ತಲೆಗೂದಲು ಅದೇ ಕಾಲಕ್ಕೆ ಹಕ್ಕಿಗಳು ನೋಡಿ ಆಸೆಪಡುವ ಸ್ಥಿತಿಯಲ್ಲಿತ್ತು. ಅದನ್ನು ಯಾರೂ ಉಜ್ಜುತ್ತಿರಲಿಲ್ಲ. ಹೊಟ್ಟೆಕಿಚ್ಚು ಎಂಬ ಪದ ಕಲಿಯುವ ಮೊದಲೇ ಅದರ ಪೂರ್ತಿ ಅನುಭವ ನನಗಾಗಿತ್ತು. ನೆನೆಸಿಟ್ಟ ಹುರುಳಿಯನ್ನು ರಾಣಿಯ ಬುಟ್ಟಿಯಿಂದಲೇ ತಿಂದು ನೋಡಿದೆ. ಹೊಟ್ಟೆನೋವು ಬಂತೇ ಹೊರತು ಅಪ್ಪ ಬರಲಿಲ್ಲ. ಅದರ ಹಾಗೆ ಕೂಗಿದೆ. ಹೆತ್ತೆ ಬಂದು ನನ್ನ ನೆತ್ತಿಗೆ ಎಣ್ಣೆ ತಟ್ಟಿದಳು. ಮನೆಯಲ್ಲಿ ಹೊಟ್ಟೆಕಿಚ್ಚು ನನ್ನೊಬ್ಬಳ ಸ್ವತ್ತೂ ಆಗಿರಲಿಲ್ಲ. ಹೆತ್ತೆಗೂ ಇತ್ತು, ಎಮ್ಮೆಗಳಿಗೂ ಇತ್ತೆಂದು ನನ್ನ ಅನುಮಾನ. ಆದರೆ ನಮ್ಮೆಲ್ಲರದ್ದೂ ಹವ್ಯಾಸ, ಅವ್ವೆಯದು ವ್ಯವಸಾಯ. ಅವಳು ರಾಣಿಯ ಲದ್ದಿಯನ್ನು ಕೂಡ ಹೊಲಕ್ಕೆ ಹಾಕಗೊಡಲಿಲ್ಲ. ಅದರ ಗೊಬ್ಬರದಲ್ಲಿ ಬೆಳೆದ ಬಾರ್ಲಿಯನ್ನು ತಾನು ತಿನ್ನುವುದಿಲ್ಲವಂತೆ.

ಒಂದು ದಿನ ಅವ್ವೆ ಬಿಳಿಯ ಪಟ್ಟನ್ನು, ಅಂದರೆ ನಮ್ಮ ಹೆಂಗಸರ ತಲೆವಸ್ತ್ರವನ್ನು, ಹಣೆಗೆ ಬಿಗಿದು ಕಟ್ಟಿ, ಹಟ್ಟಿಯ ಮುಂದಿನ ಹುಲ್ಲುಬಯಲಿಗೆ ನಡೆದಳು. ಅಲ್ಲಿ ಊರುಗೌಡ ಮತ್ತು ಹಿರಿಯರು ಕೂಟ ಸೇರಿ ಯಾರದೋ ಬೇಲಿಯ ತಂಟೆ ತೀರಿಸುತ್ತಿದ್ದರು. ತಾನು ತವರಿಗೆ ಹೋಗುತ್ತೇನೆ, ಅದಕ್ಕೆ ಮೊದಲು ನ್ಯಾಯ ಹೇಳಿ ಎಂದಳು. ನಮ್ಮಲ್ಲಿ ಹೆಣ್ಣು ಗಂಡನ ಮನೆ ಬಿಟ್ಟು ಹೋಗುವುದಕ್ಕೆ ಅಡ್ಡಿಯಿಲ್ಲ. ಮಕ್ಕಳನ್ನು ಕರೆದುಕೊಂಡು ಹೋಗುವಂತಿಲ್ಲ. ಮಕ್ಕಳು ಅಪ್ಪನ ಮನೆಯವು. ಹಾಗಾಗಿ ಆ ಬಯಲಿನ ಅಂಚಿನಲ್ಲಿ ಹೆತ್ತೆಯ ಸೆರಗು ಹಿಡಿದು ನಿಂತಿದ್ದ ನನ್ನ ಲೆಕ್ಕ ಸರಳವಾಗಿತ್ತು: ಅವ್ವೆ ಹೋದರೆ ನನಗೆ ಉಳಿಯುವುದು ನನ್ನ ಮುಖ ನೋಡದ ಅಪ್ಪ, ಅವನ ಮುಖವನ್ನೇ ನೋಡುವ ಹೇಸರಗತ್ತೆ.

"ಎನ್ನ ಅಪ್ಪನ ಮನೆ ಎಮ್ಮೆಯ ಕೊಟ್ಟು ಇದ ತಂದ. ಎನ್ನ ಕೂಡ ಒಂದು ಮಾತಿಲ್ಲೆ, ಅದರ ಕೂಡ ಹೊತ್ತು ಮುಳುಗುವವರೆಗೂ ಮಾತು. ಮಲಗೋದು ಅದರ ಕೂಡ. ಇದು ಸವತಿ ಅಲ್ಲದೆ ಮತ್ತೇನು, ಗೌಡಪ್ಪ?"

"ಮಾದೀ, ಅದು ಕತ್ತೆಯ ಜಾತಿ, ಕೂಸೇ."

"ಕತ್ತೆಯ ಎನ್ನ ಪಕ್ಕ ನಿಲ್ಲಿಸಿದ್ದು ನಾನಾ? ನಿಂಗಳ ಹಟ್ಟಿಯ ಹುಡುಗ!"

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿದರು. ಅವರ ನ್ಯಾಯಶಾಸ್ತ್ರದಲ್ಲಿ ಬೇಲಿಗೆ ಜಾಗವಿತ್ತು, ಎಮ್ಮೆಗೆ ಜಾಗವಿತ್ತು, ಸವತಿಗೂ ಜಾಗವಿತ್ತು. ಯುದ್ಧದಿಂದ ಬಂದು ಮನೆಯೊಳಗೆ ಬಾರದ ಗಂಡನಿಗೆ ಮಾತ್ರ ಜಾಗವಿರಲಿಲ್ಲ. ಇಲ್ಲದ ಜಾಗ ಹುಡುಕುವುದಕ್ಕಿಂತ ಇದ್ದ ಜಾಗದಲ್ಲಿ ಹಾಕುವುದು ಲೇಸೆಂದು, ಅವರು ವ್ಯಾಜ್ಯವನ್ನು ಅವ್ವೆ ಹೇಳಿದಂತೆಯೇ ಸವತಿಯ ವ್ಯಾಜ್ಯವಾಗಿ ಸ್ವೀಕರಿಸಿದರು. ಅಪ್ಪನನ್ನು ಕರೆಸಿದರು. ಅವನು ರಾಣಿಯ ಹಗ್ಗ ಹಿಡಿದೇ ಬಂದ. ಹೀಗೆ ಎರಡನೆಯ ಪ್ರತಿವಾದಿಯೂ ಹಾಜರಾದಂತಾಯಿತು, ವಿಚಾರಣೆಯ ಉದ್ದಕ್ಕೂ ನ್ಯಾಯಪೀಠದ ಹುಲ್ಲು ಮೇಯಿತು. ಊರುಗೌಡ ಗಂಟಲು ಸರಿಮಾಡಿಕೊಂಡ. ಅವನ ಮುಖದಲ್ಲಿ ನಗುವಿತ್ತೇ ಎಂದು ಆಮೇಲೆ ಎಷ್ಟೋ ವರ್ಷ ಹಟ್ಟಿಯಲ್ಲಿ ಚರ್ಚೆ ನಡೆಯಿತು. ನಾನು ನೋಡಿದಂತೆ ಇರಲಿಲ್ಲ.

"ಬೆಳ್ಳ, ಕೇಳು. ಮನೆಗ ಹೊಸ ಹೆಣ್ಣು ಬಂದರೆ ಮೊದಲು ಏನು ಮಾಡಬೇಕು?"

ಅಪ್ಪ ರಾಣಿಯ ಹಗ್ಗವನ್ನು ಕೈಗೆ ಸುತ್ತಿಕೊಂಡ. ಉತ್ತರ ಹೆತ್ತೆ ಕೊಟ್ಟಳು.

"ಹಳ್ಳಕ್ಕೆ ಹೋಗಿ ನೀರು ತರಬೇಕು. ಆ ನೀರು ಒಳಗೆ ಹೋದ ಮೇಲೇ ಅವಳು ಮನೆಯವಳು."

"ಇದು ತಂದಿತಾ? ಇಲ್ಲೆ. ಹಾಗಾದರೆ ನಾಳೆಯಿಂದ ಇದು ದಿನಾ ನೀರು ತರಲಿ. ಹೊತ್ತದ್ದನ್ನು ಬೆಳ್ಳ ಇಳಿಸಿ ಹಿರಿಯವಳ ಕೈಗೆ ಕೊಡಲಿ. ಹೊಸ್ತಿಲಲ್ಲಿ ಕೊಡಬೇಕು, ಅಂಗಳದಲ್ಲಿ ಅಲ್ಲ. ಕಿರಿಯವಳ ಕೆಲಸ ಸರಿಯಿಲ್ಲದಿದ್ದರೆ ಬೈಯುವ ಹಕ್ಕು ಹಿರಿಯವಳದು. ಮಾದೀ, ಬರುವ ಊರಹಬ್ಬ ಕಳೆಯಲಿ. ಆಗಲೂ ಹೋಗಬೇಕು ಅಂತಿದ್ದರೆ ನಾನೇ ನಿನ್ನ ಅಪ್ಪನ ಮನೆವರೆಗೆ ನಿನ್ನ ಕೂಡ ಬನ್ನೆ."

ಮರುದಿನ ರಾಣಿಯ ಬೆನ್ನಿನ ಎರಡೂ ಪಕ್ಕ ಸೀಮೆಎಣ್ಣೆಯ ಖಾಲಿ ಡಬ್ಬ ಕಟ್ಟಿ ಅಪ್ಪ ಹಳ್ಳಕ್ಕೆ ಇಳಿದ. ಹಟ್ಟಿಯ ಹೆಂಗಸರೆಲ್ಲ ಅದನ್ನು ನೋಡಲೆಂದೇ ಬಾಗಿಲಲ್ಲಿ ಕೂತು ಅವರೆ ಸುಲಿದರು. ಅಪ್ಪ ಹೊಸ್ತಿಲಿನ ಮುಂದೆ ಡಬ್ಬ ಇಟ್ಟು ಹಿಂದೆ ಸರಿದ. ಅವ್ವೆ ಅದನ್ನು ಮುಟ್ಟಲಿಲ್ಲ.

"ಕೈಗೆ ಕೊಡಬೇಕು ಅಂತ ತೀರ್ಪು."

ಅಪ್ಪ ಡಬ್ಬ ಎತ್ತಿ, ಬಾಗಿಲ ಚೌಕಟ್ಟಿಗೆ ತಲೆ ತಗುಲದಂತೆ ಬಗ್ಗಿ, ಕೈಗೆ ಕೊಟ್ಟ. ಇಷ್ಟರಲ್ಲೇ ಅವನ ಮುಖದಲ್ಲಿ ಬೆವರೊಡೆದಿತ್ತು. ಎಷ್ಟೋ ದಿನ ಹೀಗೇ ನಡೆಯಿತು: ಬಗ್ಗುವುದು, ಕೊಡುವುದು, ಸರಿಯುವುದು. ಬೈಯುವ ಹಕ್ಕನ್ನು ಅವ್ವೆ ಚೆನ್ನಾಗಿ ಚಲಾಯಿಸಿದಳು. ಗಂಡನನ್ನು ಬೈದರೆ ಅವನು ಕೇಳಿಸಿಕೊಳ್ಳುತ್ತಿರಲಿಲ್ಲ. ರಾಣಿಯನ್ನು ಬೈಯುವುದು ಆಕೆಗೆ ಕಾಯಿದೆಬದ್ಧವಾಗಿ ಬಂದದ್ದು.

"ಏನೇ ಮಹಾರಾಣಿ, ಅರ್ಧ ನೀರು ದಾರಿಗೇ ಸುರಿದಿದ್ದೀಯ. ನಿನ್ನ ಅಪ್ಪನ ಮನೆಯಲ್ಲಿ ಇಷ್ಟೇ ಕಲಿಸಿದ್ದಾ?"

ಅಪ್ಪ ರಾಣಿಯ ಕಿವಿಯ ಹಿಂದೆ ಕೆರೆಯುತ್ತಾ, ರಾಣಿಯ ಪರವಾಗಿ ಉತ್ತರ ಕೊಟ್ಟ.

"ಅವಳಿಗ ಕಲ್ಲುದಾರಿ ಹೊಸದು."

ಅವ್ವೆ ಡಬ್ಬವನ್ನು ಕೆಳಗಿಟ್ಟಳು. ಅಪ್ಪ ಬಂದ ಮೇಲೆ ಅವಳ ಮಾತಿಗೆ ಬಂದ ಮೊದಲ ಉತ್ತರ ಅದು. ಆದರೆ ಅವ್ವೆ ಜಾಣೆ. ಅವನ ಕಡೆ ನೋಡದೆ ರಾಣಿಗೇ ಹೇಳಿದಳು.

"ಹೊಸದಾದರೆ ನಿಧಾನ ನಡೆ. ಒಳಗೆ ಅವರೆಯ ಸಾರು ಬಿಸಿ ಇದೆ ಅಂತ ಕರೆದುಕೊಂಡು ಬಂದವನಿಗೆ ಹೇಳು."

"ಹೊರಗೇ ಕೊಡಲಿ ಅಂತಾಳೆ."

"ಹೊರಗೆ ಕೊಟ್ಟರೆ ತಣ್ಣಗಾಗುತ್ತದೆ ಅಂತ ಹೇಳೇ."

ಹೀಗೆ ನನ್ನ ಅಪ್ಪ ಅವ್ವೆ ಒಂದು ಹೇಸರಗತ್ತೆಯ ಮೂಲಕ ಸಂಸಾರ ನಡೆಸತೊಡಗಿದರು. ಆಲೂಗಡ್ಡೆ ಬಿತ್ತುವುದು ಯಾವಾಗ, ಹೆತ್ತೆಯ ಮಂಡಿನೋವಿಗೆ ಯಾವ ಎಣ್ಣೆ, ದೊಡ್ಡಪ್ಪ ಹಾಲು ಕದಿಯುತ್ತಾನೋ ಇಲ್ಲವೋ, ಎಲ್ಲವೂ ರಾಣಿಯ ಸನ್ನಿಧಾನದಲ್ಲೇ ಇತ್ಯರ್ಥವಾಗುತ್ತಿತ್ತು. ರಾಣಿ ಗಂಭೀರವಾಗಿ ಕೇಳುತ್ತಾ ಬಾಲದಿಂದ ನೊಣ ಓಡಿಸುತ್ತಿತ್ತು. ಅವ್ವೆ ಅದರ ಕಟ್ಟು ಬಿಚ್ಚುವಾಗ ಮಿಸುಕಿದರೆ ಅಪ್ಪನ ಪಟಾಳದ ಮಾತನ್ನೇ ಆಡಿ ನಿಲ್ಲಿಸುವುದನ್ನೂ ಕಲಿತಳು. ಶತ್ರುವಿನ ಭಾಷೆ ಕಲಿತಿರಬೇಕು ಎಂಬುದು ಅವಳು ಹೆತ್ತೆಗೆ ಕೊಟ್ಟ ವಿವರಣೆ. ನನ್ನ ಬಗ್ಗೆ ಮಾತ್ರ ರಾಣಿಯ ಬಳಿ ಯಾರೂ ಏನೂ ಹೇಳಿ ಕಳಿಸಲಿಲ್ಲ.

ಹಬ್ಬ ಹತ್ತಿರ ಬಂದಿತ್ತು. ತವರಿನಿಂದ ಅವ್ವೆಯ ತಮ್ಮ ಬಂದು, ಅವಳು ಬರುವುದಾದರೆ ಮನೆಯಲ್ಲಿ ಜಾಗ ಮಾಡಿಡುತ್ತೇವೆ ಎಂದು ಹೇಳಿ ಹೋಗಿದ್ದ. ಅವ್ವೆ ಹೂಂ ಎಂದೂ ಅಂದಿರಲಿಲ್ಲ, ಇಲ್ಲೆ ಎಂದೂ ಅಂದಿರಲಿಲ್ಲ. ಆ ದಿನ ಬಿಸಿಲು ಚೆನ್ನಾಗಿತ್ತು. ಅಪ್ಪ ಮತ್ತು ರಾಣಿ ತುಂಬಿದ ಡಬ್ಬಗಳೊಡನೆ ಹಳ್ಳದಿಂದ ಹತ್ತಿ ಬರುತ್ತಿದ್ದರು. ಅವ್ವೆ ಹೊಲದಲ್ಲಿ ಕಳೆ ತೆಗೆಯುತ್ತಿದ್ದಳು, ನಾನು ಅವಳ ಹಿಂದೆ ಕಳೆ ಒಟ್ಟುತ್ತಿದ್ದೆ. ಅರವಂಕಾಡಿನ ಕಡೆಯಿಂದ ಸದ್ದು ಬಂತು. ಅಂಥ ಸದ್ದು ನಾನು ಹಿಂದೆ ಕೇಳಿರಲಿಲ್ಲ. ಕಾಲಡಿಯ ಮಣ್ಣಿಗೂ ಕೇಳಿಸಿತು. ನೋಡಿದರೆ ದಾರಿಯಲ್ಲಿ ರಾಣಿ ಒಂದೇ ನಿಂತಿತ್ತು. ಅಪ್ಪ ಅದರ ಹೊಟ್ಟೆಯಡಿಯಲ್ಲಿ ಮುದುಡಿ, ಮುಂಗಾಲನ್ನು ಎರಡೂ ಕೈಯಿಂದ ತಬ್ಬಿ ಹಿಡಿದಿದ್ದ. ಅದು ಹೆದರಿ ಒಂದು ಹೆಜ್ಜೆ ಎತ್ತಿ ಇಟ್ಟಿದ್ದರೆ ಅವನ ಎದೆ ಉಳಿಯುತ್ತಿರಲಿಲ್ಲ. ಅದರ ಕಣ್ಣು ಬೆಳ್ಳಗಾಗಿತ್ತು, ಮೈ ನಡುಗುತ್ತಿತ್ತು, ಡಬ್ಬದ ನೀರು ತುಳುಕುತ್ತಿತ್ತು.

ಅವ್ವೆ ಕಳೆಗುದ್ದಲಿ ಬಿಟ್ಟು ಓಡಿದಳು. ಹತ್ತಿರ ಹೋಗುತ್ತಲೇ ಓಟ ನಿಲ್ಲಿಸಿ ನಿಧಾನವಾಗಿ ನಡೆದಳು. ರಾಣಿಯ ಕತ್ತಿನ ಮೇಲೆ ಒಂದು ಕೈ ಇಟ್ಟಳು, ಕೆಳಗೆ ಬಗ್ಗಿ ಇನ್ನೊಂದು ಕೈಯನ್ನು ಅಪ್ಪನ ಕತ್ತಿನ ಮೇಲೆ ಇಟ್ಟಳು.

"ಖಡೀ ರಹೋ. ಕುಛ್ ನಹೀ. ಕುಛ್ ನಹೀ."

ಎರಡು ಕತ್ತುಗಳಲ್ಲಿ ಯಾವುದಕ್ಕೆ ಹೇಳುತ್ತಿದ್ದಾಳೆಂದು ತಿಳಿಯುವಂತಿರಲಿಲ್ಲ. ಎರಡೂ ಕೇಳಿಸಿಕೊಂಡವು. ಮೊದಲು ರಾಣಿಯ ನಡುಕ ನಿಂತಿತು, ಆಮೇಲೆ ಅಪ್ಪನದು. ಅವನು ಹೊರಗೆ ತೆವಳಿ ಬಂದು ದಾರಿಯ ಮಣ್ಣಿನಲ್ಲಿ ಕೂತ. ಆಗ ಮಾತಾಡಿದ, ರಾಣಿಗಲ್ಲ.

"ಮಾದೀ. ಅಲ್ಲಿ ಇಂಥದೇ ಒಂದು ಇತ್ತು. ಹೊಳೆಯ ಕೆಸರಲ್ಲಿ ಹೂತುಹೋಯ್ತು. ಬಿಟ್ಟು ಬಾ ಅಂದರು. ಬಿಟ್ಟೆ. ತಿರುಗಿ ನೋಡಿದೆ, ಅದು ಎನ್ನನ್ನೇ ನೋಡುತ್ತಿತ್ತು."

ಅವ್ವೆ ರಾಣಿಯ ಬೆನ್ನಿನ ಮೇಲೆ ಸಡಿಲವಾಗಿದ್ದ ಡಬ್ಬದ ಕಟ್ಟನ್ನು ಬಿಗಿಮಾಡಿದಳು. ಎಂಥ ಕಷ್ಟದ ಮಾತನ್ನು ಅವಳು ಬಾಯಿಗೆ ತರುತ್ತಿದ್ದಾಳೆಂದು ಆಗ ನನಗೆ ಗೊತ್ತಾಗಲಿಲ್ಲ. ಸವತಿಯ ಹೊಟ್ಟೆಕಿಚ್ಚು ಎಂಥದೆಂದು ಬಲ್ಲವರಿಗೆ ಮಾತ್ರ ಗೊತ್ತಾದೀತು.

"ಇದ ಬಿಡಬೇಡ," ಎಂದಳು.

ಅಪ್ಪ ಅದರಿಂದ ಗುಣವಾದ ಎಂದು ಬರೆದರೆ ಓದುಗರಿಗೆ ಸಮಾಧಾನವಾದೀತು, ನಿಜವಾಗದು. ಸದ್ದು ಕೇಳಿದರೆ ಸಾಯುವವರೆಗೂ ಅವನ ಮೈ ಬೆಚ್ಚುತ್ತಿತ್ತು. ಕೆಲವು ತಿಂಗಳು ಒಳಗೆ ಮಲಗುತ್ತಿದ್ದ, ಕೆಲವು ತಿಂಗಳು ಮತ್ತೆ ಕೊಟ್ಟಿಗೆಗೆ ಹೋಗುತ್ತಿದ್ದ. ದೊಡ್ಡಪ್ಪನ ಉಪಕಾರ ನಮಗೆ ಇನ್ನೂ ಹಲವು ಕಾಲ ಬೇಕಾಯಿತು. ಅವ್ವೆಯೂ ತನ್ನ ಫಿರ್ಯಾದನ್ನು ಹಿಂತೆಗೆದುಕೊಳ್ಳಲಿಲ್ಲ. ಹಬ್ಬ ಕಳೆದ ಮೇಲೆ ಊರುಗೌಡ ಬಂದು ಹೋಗೋಣವಾ ಎಂದು ಕೇಳಿದಾಗ, ನೀರು ತರುವ ಕೆಲಸ ಇನ್ನೂ ಸರಿಹೋಗಿಲ್ಲ, ನೋಡಿಕೊಂಡು ಹೇಳುತ್ತೇನೆ ಎಂದಳು. ಅವನು ತಲೆಯಾಡಿಸಿ, ಕಾಫಿ ಕುಡಿದು ಹೋದ.

ನನ್ನ ಸ್ಥಿತಿ ಮಾತ್ರ ಮೊದಲಿಗಿಂತ ಕೆಟ್ಟಿತು. ಮೊದಲು ಅಪ್ಪ ಮತ್ತು ರಾಣಿ ಒಂದು ಕಡೆ, ಅವ್ವೆ ನಾನು ಒಂದು ಕಡೆ; ಕಷ್ಟವಾದರೂ ಸಮಬಲದ ಪಕ್ಷಗಳು. ಈಗ ಆ ಕಡೆಗೆ ಮೂವರು. ಬೆಳಿಗ್ಗೆ ಮೂವರೂ ಅಂಗಳದಲ್ಲಿ ನಿಂತು ಪಟಾಳದ ಭಾಷೆಯಲ್ಲಿ ಉಭಯಕುಶಲೋಪರಿ ನಡೆಸುತ್ತಿದ್ದರೆ, ನಾನು ಬಾಗಿಲಲ್ಲಿ ಕೂತು ಗಂಜಿಯ ಬಟ್ಟಲಿನ ಮೇಲೆ ಕೋಪ ತೀರಿಸಿಕೊಳ್ಳುತ್ತಿದ್ದೆ. ಅವ್ವೆಯ ಮೇಲೆ ನನಗಾದಷ್ಟು ಹೊಟ್ಟೆಕಿಚ್ಚು ರಾಣಿಯ ಮೇಲೂ ಆಗಿರಲಿಲ್ಲ. ರಾಣಿ ಪ್ರಾಣಿ. ಅವ್ವೆ ನನ್ನ ಪಕ್ಷ ಬಿಟ್ಟು ಹೋದವಳು.

ಕೊನೆಗೆ ಒಂದು ಬೆಳಿಗ್ಗೆ ಬಟ್ಟಲು ಕೆಳಗಿಟ್ಟು ಎದ್ದೆ. ಅಪ್ಪ ರಾಣಿಯ ಕಾಲುಗಳನ್ನು ಒಂದೊಂದಾಗಿ ಎತ್ತಿ, ತೊಡೆಯ ಮೇಲಿಟ್ಟುಕೊಂಡು, ಗೊರಸಿನಲ್ಲಿ ಸಿಕ್ಕಿದ ಕಲ್ಲುಗಳನ್ನು ಕಬ್ಬಿಣದ ಕೊಕ್ಕೆಯಿಂದ ತೆಗೆಯುತ್ತಿದ್ದ. ನಾನು ಹೋಗಿ ರಾಣಿಯ ಪಕ್ಕ ನಿಂತೆ. ಅದರಂತೆಯೇ ನೆಟ್ಟಗೆ, ಅದರಂತೆಯೇ ಮುಂದೆ ನೋಡುತ್ತಾ. ಅಪ್ಪ ರಾಣಿಯ ಕೊನೆಯ ಕಾಲು ಮುಗಿಸಿದ, ಎದ್ದು ಬೆನ್ನು ನೆಟ್ಟಗೆ ಮಾಡಿಕೊಂಡ, ನನ್ನನ್ನು ನೋಡಿದ. ಹಿಂದೆ ಅಂಥ ನೋಟ ನನಗೆ ಬಿದ್ದದ್ದು ನೆನಪಿಲ್ಲ. ಅವನು ನಗಲಿಲ್ಲ. ಕೊಕ್ಕೆಯನ್ನು ಸೊಂಟಕ್ಕೆ ಸಿಕ್ಕಿಸಿ, ಬಗ್ಗಿ, ನನ್ನ ಬಲಗಾಲನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡ. ಅಂಗೈಯಿಂದ ಮಣ್ಣು ಒರೆಸಿದ. ಹಿಮ್ಮಡಿಯ ಬಿರುಕನ್ನು ಹೆಬ್ಬೆರಳಿಂದ ಒತ್ತಿ ನೋಡಿದ.

"ನೋವಾ?"

"ಇಲ್ಲೆ," ಎಂದೆ. ನೋವಿತ್ತು.

ಬೆರಳಿನ ಸಂದಿಯಲ್ಲಿ ಮುಳ್ಳೊಂದು ಎಷ್ಟು ದಿನದಿಂದಲೋ ಕೂತಿತ್ತು. ಅದನ್ನು ಉಗುರಿನಲ್ಲಿ ಮೀಟಿ ತೆಗೆದು, ರಾಣಿಯ ಗೊರಸಿಗೆ ಹಚ್ಚುವ ಎಣ್ಣೆಯನ್ನೇ ಬಿರುಕಿಗೆ ತೀಡತೊಡಗಿದ. ಬಾಗಿಲಿನಿಂದ ಅವ್ವೆಯ ದನಿ ಬಂತು.

"ಚೆನ್ನಾಗಿದೆ! ಕತ್ತೆಗ ನಾಲ್ಕು ಕಾಲು, ಕೂಸಿಗ ಎರಡು ಕಾಲು. ಕಳೆ ತೆಗೆದು ತೆಗೆದು ಎನ್ನ ಕಾಲು ಒಡೆದು ಹೊಲದ ಹಾಗೆ ಆಗಿದೆ, ಅದ ಕೇಳುವವರು ಯಾರು?"

ಅಪ್ಪ ತಲೆ ಎತ್ತಿ ಅವಳ ಕಡೆ ನೋಡಿದ.

"ಲೈನಿಗೆ ಬಾ," ಎಂದ.

ಅವ್ವೆ ಸಾಲಿನ ಮನೆಗಳ ಕಡೆ ಒಮ್ಮೆ ನೋಡಿದಳು. ಬಾಗಿಲು ಬಾಗಿಲಿಗೂ ಹೆಂಗಸರಿದ್ದರು, ಅವರೆ ಸುಲಿಯುವ ಕಾಲವೂ ಅದಲ್ಲ. ಅವಳು ಸೀರೆ ಸ್ವಲ್ಪ ಎತ್ತಿ ಹಿಡಿದು, ಅಂಗಳ ದಾಟಿ ಬಂದು, ನನ್ನನ್ನು ಮೊಣಕೈಯಿಂದ ಪಕ್ಕಕ್ಕೆ ಸರಿಸಿ, ಕಲ್ಲಿನ ಮೇಲೆ ಕೂತು ಕಾಲು ಚಾಚಿದಳು. ಅಪ್ಪ ಎಣ್ಣೆಯ ಬಟ್ಟಲು ಹಿಡಿದು ಅವಳ ಮುಂದೆ ಕುಕ್ಕರಿಸಿದ.

ನನ್ನ ಎಡಗಾಲನ್ನು ಅವನು ಇನ್ನೂ ನೋಡಿಯೇ ಇರಲಿಲ್ಲ.